ಚೀನೀ ನೀರು ಡ್ರ್ಯಾಗನ್ ಮರಿಯ ಪಾಲನೆ

ಚೀನೀ ನೀರು ಡ್ರ್ಯಾಗನ್ ದಕ್ಷಿಣ ಚೀನಾ, ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ ಮತ್ತು ಥಾಯ್ಲೆಂಡ್‌ಗಳ ಕಾಡುತೊರೆಗಳ ದಂಡೆಯಲ್ಲಿ ವಾಸಿಸುವ ಹಸಿರು ಬಣ್ಣದ ಓತಿ. ಇದರ ವೈಜ್ಞಾನಿಕ ಹೆಸರು ಫಿಸಿಗ್ನಾಥಸ್ ಕೊಕಿನ್ಸಿನಸ್. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಕುವಿಯೇ 1829ರಲ್ಲಿ ಈ ಪ್ರಭೇದವನ್ನು ವರ್ಣಿಸಿದರು. ಕರ್ನಾಟಕದ ತೋಟಗಳಲ್ಲಿ ಕಾಣುವ ಓತಿಕ್ಯಾತವೂ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಿಂದ ಕನ್ನಡ ಓದುಗರಿಗೆ ಪರಿಚಿತವಾದ ಹಾರುವ ಓತಿಯೂ ಇದು ಸೇರಿರುವ ಅಗಾಮಿಡೇ ಕುಟುಂಬದವೇ ಆಗಿವೆ. ಆಸ್ಟ್ರೇಲಿಯಾದ ನೀರು ಡ್ರ್ಯಾಗನ್ ಹೆಸರಿನಲ್ಲಿ ಇದನ್ನು ಹೋಲುವುದಾದರೂ ಅದನ್ನು ಈಗ ಬೇರೊಂದು ಕುಲದಲ್ಲಿ ಸೇರಿಸಲಾಗಿದೆ.

ಸಾಕುಪ್ರಾಣಿಯಾಗಿ ಅನೇಕ ದೇಶಗಳಲ್ಲಿ ಮಾರಾಟವಾಗುವ ಈ ಓತಿಯ ಮರಿ ಅಂಗೈಗಿಂತ ಸ್ವಲ್ಪ ಉದ್ದವಾಗಿರುತ್ತದೆ. ಕೊಳ್ಳುವವರನ್ನು ತಪ್ಪುದಾರಿಗೆಳೆಯುವುದು ಈ ಗಾತ್ರವೇ. ಪೂರ್ಣ ಬೆಳೆದ ಗಂಡು ಬಾಲವೂ ಸೇರಿ ಸುಮಾರು 90 ಸೆಂ.ಮೀ. ಉದ್ದವಿರುತ್ತದೆ, ಅದರಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಬಾಲವೇ. ಉತ್ತಮ ಪಾಲನೆಯಲ್ಲಿ ಇದು 10ರಿಂದ 15 ವರ್ಷ ಬದುಕಬಲ್ಲದು.

ಗೂಡು

ಮರಿಗೆ ಆರಂಭದಲ್ಲಿ ಚಿಕ್ಕ ಗೂಡು ಸಾಕಾಗುತ್ತದೆ. ಬಹಳ ದೊಡ್ಡ ಗೂಡಿನಲ್ಲಿ ಬಿಟ್ಟರೆ ಆಹಾರದ ಹುಳುಗಳನ್ನು ಹುಡುಕಲಾರದೆ ಮರಿ ಸೊರಗಬಹುದು. ಆದರೆ ಕೆಲವೇ ತಿಂಗಳುಗಳಲ್ಲಿ ಅದು ಗೂಡನ್ನು ಮೀರಿ ಬೆಳೆಯುತ್ತದೆ. ಮರವೇರುವ ಪ್ರಾಣಿಯಾದ್ದರಿಂದ ಗೂಡಿನ ಎತ್ತರಕ್ಕೆ ಅಗಲದಷ್ಟೇ ಮಹತ್ವವಿದೆ. ಓತಿಯ ಮೈಯಷ್ಟು ದಪ್ಪವಿರುವ ಕೊಂಬೆಗಳು ಮತ್ತು ಅಡಗಿಕೊಳ್ಳಲು ದಟ್ಟವಾದ ಎಲೆಗಳು ಅಗತ್ಯ.

ಈ ಪ್ರಭೇದಕ್ಕೆ ಗಾಜು ಎಂಬುದು ಅರ್ಥವಾಗುವುದಿಲ್ಲ. ಕಾಡಿನಲ್ಲಿ ಬೆದರಿದ ಓತಿ ಕೊಂಬೆಯಿಂದ ನೇರವಾಗಿ ನೀರಿಗೆ ಧುಮುಕಿ ಪಾರಾಗುತ್ತದೆ. ಗೂಡಿನಲ್ಲಿ ಅದೇ ಜಿಗಿತ ಗಾಜಿಗೆ ಬಡಿಯುತ್ತದೆ. ಪಾರದರ್ಶಕ ಗೋಡೆಗೆ ದಿನವಿಡೀ ಮೂತಿ ಉಜ್ಜಿ ಗಾಯ ಮಾಡಿಕೊಳ್ಳುವುದು ಸೆರೆಯಲ್ಲಿರುವ ನೀರು ಡ್ರ್ಯಾಗನ್‌ಗಳಲ್ಲಿ ಅತಿ ಸಾಮಾನ್ಯ. ಗಾಯಕ್ಕೆ ಸೋಂಕು ತಗುಲಿದರೆ ಅದು ದವಡೆಯ ಮೂಳೆಯವರೆಗೂ ಹಬ್ಬುತ್ತದೆ. ಗಾಜಿನ ಕೆಳಭಾಗಕ್ಕೆ ಹೊರಗಿನಿಂದ ಬಣ್ಣದ ಕಾಗದ ಅಂಟಿಸುವುದು, ಒಳಗೆ ಗಿಡಗಳನ್ನು ಇಡುವುದು ಸರಳವಾದ ತಡೆ. ಮನೆಯ ನಾಯಿ, ಬೆಕ್ಕುಗಳು ಗೂಡಿನ ಎದುರು ಸುಳಿಯದಂತೆ ನೋಡಿಕೊಳ್ಳುವುದೂ ಇದರಲ್ಲಿ ಸೇರಿದೆ.

ಗೂಡಿನ ತಳಕ್ಕೆ ಮರಿಗಳ ಮಟ್ಟಿಗೆ ಕಾಗದವೇ ಉತ್ತಮ. ಜಲ್ಲಿ, ಮರದ ಚಕ್ಕೆ ಮುಂತಾದವು ಆಹಾರದೊಡನೆ ಹೊಟ್ಟೆ ಸೇರಿ ಕರುಳನ್ನು ಕಟ್ಟಿಸುವ ಅಪಾಯವಿದೆ.

ಶಾಖ, ನೀರು ಮತ್ತು ಆರ್ದ್ರತೆ

ಶೀತರಕ್ತದ ಪ್ರಾಣಿಯಾದ ಓತಿ ತನ್ನ ಮೈಯ ಉಷ್ಣತೆಯನ್ನು ಜಾಗ ಬದಲಿಸುವ ಮೂಲಕ ಕಾಯ್ದುಕೊಳ್ಳುತ್ತದೆ. ಆದುದರಿಂದ ಇಡೀ ಗೂಡನ್ನು ಒಂದೇ ಸಮನಾಗಿ ಬಿಸಿಮಾಡುವುದು ಸರಿಯಲ್ಲ. ಬಿಸಿಲು ಕಾಯುವ ಕೊಂಬೆಯ ಬಳಿ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್, ಉಳಿದೆಡೆ 26ರಿಂದ 29 ಡಿಗ್ರಿ ಇರಬೇಕು; ರಾತ್ರಿ 24ರ ಆಸುಪಾಸಿಗೆ ಇಳಿದರೆ ತೊಂದರೆಯಿಲ್ಲ. ಶಾಖದ ದೀಪಕ್ಕೆ ಥರ್ಮೋಸ್ಟಾಟ್ ಮತ್ತು ಜಾಲರಿ ಇರಬೇಕು. ವಿದ್ಯುತ್ತಿನಿಂದ ಬಿಸಿಯಾಗುವ ಕೃತಕ ಕಲ್ಲುಗಳು ಹೊಟ್ಟೆಯ ಚರ್ಮವನ್ನು ಸುಡುತ್ತವೆ.

ಗೂಡಿನೊಳಗಿನ ಆರ್ದ್ರತೆ ಶೇಕಡ 60ರಿಂದ 80ರಷ್ಟಿರಬೇಕು. ಗಾಳಿ ಒಣಗಿದ್ದರೆ ಪೊರೆ ಸರಿಯಾಗಿ ಕಳಚುವುದಿಲ್ಲ. ಬೆರಳು ಮತ್ತು ಬಾಲದ ತುದಿಯಲ್ಲಿ ಉಳಿದ ಹಳೆಯ ಪೊರೆ ಬಿಗಿದು ರಕ್ತಸಂಚಾರ ನಿಂತರೆ ಆ ಭಾಗವೇ ಸಾಯುತ್ತದೆ. ಓತಿ ಇಳಿದು ಮುಳುಗಬಹುದಾದ, ಹತ್ತಿಬರಲು ಕಲ್ಲೋ ಕೊಂಬೆಯೋ ಇರುವ ನೀರಿನ ತೊಟ್ಟಿಯೂ ಬೇಕು. ಮರಿಗೆ ನೀರಿನ ಆಳ ಅದರ ಭುಜದ ಮಟ್ಟಕ್ಕಿದ್ದರೆ ಸಾಕು. ಈ ಪ್ರಾಣಿ ಕುಡಿಯುವ ನೀರಿನಲ್ಲಿಯೇ ಮಲ ವಿಸರ್ಜಿಸುವುದರಿಂದ ನೀರನ್ನು ದಿನವೂ ಬದಲಿಸದೆ ಗತ್ಯಂತರವಿಲ್ಲ.

ಬೆಳಕು ಮತ್ತು ಮೂಳೆಯ ರೋಗ

ಸೆರೆಯಲ್ಲಿ ಮರಿಗಳು ಸಾಯಲು ಅಥವಾ ಊನಗೊಳ್ಳಲು ಪ್ರಮುಖ ಕಾರಣ ಮೂಳೆಗಳ ಚಯಾಪಚಯ ರೋಗ. ಬೆಳೆಯುವ ಮೂಳೆಗೆ ಕ್ಯಾಲ್ಸಿಯಂ ಬೇಕು. ಕರುಳು ಅದನ್ನು ಹೀರಿಕೊಳ್ಳಲು ವಿಟಮಿನ್ ಡಿ3 ಬೇಕು. ಚರ್ಮದಲ್ಲಿ ಡಿ3 ತಯಾರಾಗಲು ಅತಿನೇರಳೆ-ಬಿ ಕಿರಣ ಬೇಕು. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ದೇಹವು ರಕ್ತದಲ್ಲಿನ ಕೊರತೆಯನ್ನು ತುಂಬಲು ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯತೊಡಗುತ್ತದೆ. ಆಗ ಕೆಳದವಡೆ ಮೆತ್ತಗಾಗುತ್ತದೆ, ಬೆರಳುಗಳು ನಡುಗುತ್ತವೆ, ಕಾಲುಗಳು ಊದಿಕೊಳ್ಳುತ್ತವೆ, ಬೆನ್ನು ಅಥವಾ ಬಾಲ ಸೊಟ್ಟಗಾಗುತ್ತದೆ. ಊದಿದ ಕಾಲನ್ನು ‘ಪುಷ್ಟಿ’ ಎಂದು ಭಾವಿಸಿ ಸಂತೋಷಪಡುವವರೂ ಇದ್ದಾರೆ. ಆರಂಭದಲ್ಲಿಯೇ ಪಶುವೈದ್ಯರಿಗೆ ತೋರಿಸಿದರೆ ರೋಗವನ್ನು ತಡೆಯಬಹುದು, ಆದರೆ ಡೊಂಕಾದ ಮೂಳೆ ನೇರವಾಗುವುದಿಲ್ಲ.

ಕಿಟಕಿಯಿಂದ ಬರುವ ಬಿಸಿಲು ಈ ಕೊರತೆಯನ್ನು ನೀಗುವುದಿಲ್ಲ. ಗಾಜು ಅತಿನೇರಳೆ-ಬಿ ಕಿರಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಬಿಸಿಲಿನಲ್ಲಿಟ್ಟ ಗಾಜಿನ ಗೂಡು ಕೆಲವೇ ನಿಮಿಷಗಳಲ್ಲಿ ಮರಿಯನ್ನು ಕೊಲ್ಲುವಷ್ಟು ಬಿಸಿಯೂ ಆಗುತ್ತದೆ. ಸರೀಸೃಪಗಳಿಗೆಂದೇ ತಯಾರಿಸಿದ ಅತಿನೇರಳೆ-ಬಿ ದೀಪವನ್ನು ದಿನಕ್ಕೆ ಸುಮಾರು 12 ಗಂಟೆ ಉರಿಸುವುದು ವಾಡಿಕೆ. ಇಂತಹ ದೀಪ ಕಣ್ಣಿಗೆ ಚೆನ್ನಾಗಿ ಬೆಳಗುತ್ತಿದ್ದರೂ ಅದರ ಅತಿನೇರಳೆ ಕಿರಣ ತಿಂಗಳುಗಳು ಕಳೆದಂತೆ ಕ್ಷೀಣಿಸುತ್ತದೆ. ಆದ್ದರಿಂದ ಕಿರಣವನ್ನು ಅಳೆಯುವ ಸಾಧನವಿಲ್ಲದವರು ತಯಾರಕರು ಸೂಚಿಸಿದ ಅವಧಿಗೆ, ಸಾಮಾನ್ಯವಾಗಿ 6ರಿಂದ 12 ತಿಂಗಳಿಗೆ, ದೀಪವನ್ನು ಬದಲಿಸುತ್ತಾರೆ.

ಆಹಾರ

ಮರಿಗಳು ಮುಖ್ಯವಾಗಿ ಕೀಟಾಹಾರಿಗಳು. ಅವಕ್ಕೆ ದಿನವೂ ಆಹಾರ ನೀಡಬೇಕು. ಚಿಮ್ಮಂಡೆ ಹುಳು, ಸಾಕಿದ ಜಿರಳೆ, ರೇಷ್ಮೆಹುಳು ಮತ್ತು ಎರೆಹುಳು ಸೂಕ್ತ. ಹುಳುವಿನ ಗಾತ್ರ ಮರಿಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ಚಿಮ್ಮಂಡೆಯಂತಹ ಕೀಟಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಹೀಗಾಗಿ ಅವಕ್ಕೆ ಮೊದಲು ಸೊಪ್ಪು, ತರಕಾರಿ ತಿನ್ನಿಸಿ, ಅನಂತರ ಕ್ಯಾಲ್ಸಿಯಂ ಪುಡಿ ಸವರಿ ಕೊಡಲಾಗುತ್ತದೆ. ಡಿ3 ಇರುವ ಪುಡಿಯನ್ನು ಮಾತ್ರ ಅಳತೆ ಮೀರಿ ಬಳಸಬಾರದು. ತಿನ್ನದೆ ಉಳಿದ ಹುಳುಗಳು ರಾತ್ರಿ ಮಲಗಿದ ಮರಿಯನ್ನೇ ಕಚ್ಚುವುದರಿಂದ ಅವನ್ನು ಸಂಜೆಗೆ ತೆಗೆಯಬೇಕು. ಹೊರಗೆ ಹಿಡಿದ ಹುಳುಗಳಲ್ಲಿ ಕೀಟನಾಶಕವಿರಬಹುದು. ಮಿಣುಕುಹುಳುಗಳಂತೂ ಓತಿಗಳಿಗೆ ಮಾರಕ ವಿಷ.

ಒಡನಾಟ

ಹೊಸದಾಗಿ ಬಂದ ಮರಿಯನ್ನು ಮೊದಲ ಒಂದೆರಡು ವಾರ ಮುಟ್ಟದಿರುವುದು ಲೇಸು. ಮೇಲಿನಿಂದ ಎರಗುವ ಕೈ ಅದಕ್ಕೆ ಬೇಟೆಹಕ್ಕಿಯಂತೆ ಕಾಣುತ್ತದೆ. ಪಕ್ಕದಿಂದ ನಿಧಾನವಾಗಿ ಕೈ ಚಾಚಿ ಮೈಯನ್ನು ಕೆಳಗಿನಿಂದ ಆಧರಿಸಬೇಕು, ಬಾಲ ಹಿಡಿದು ಎತ್ತಬಾರದು. ಎರಡು ಗಂಡುಗಳು ಒಂದೇ ಗೂಡಿನಲ್ಲಿ ಹೊಂದುವುದಿಲ್ಲ. ಜೊತೆಯಾಗಿ ಬೆಳೆದ ಮರಿಗಳಲ್ಲಿಯೂ ಬಲಿಷ್ಠವಾದುದು ದೀಪದ ಕೆಳಗಿನ ಜಾಗವನ್ನು ಆಕ್ರಮಿಸಿ, ಉಳಿದವು ಜಗಳವಿಲ್ಲದೆಯೇ ಬಡವಾಗುತ್ತವೆ. ಗಂಡಿಲ್ಲದೆಯೂ ಹೆಣ್ಣು ಮೊಟ್ಟೆ ಇಡಬಲ್ಲದು. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ರಾಷ್ಟ್ರೀಯ ಮೃಗಾಲಯದಲ್ಲಿ 2016ರಲ್ಲಿ ಅಂತಹ ಫಲಿತವಾಗದ ಮೊಟ್ಟೆಯಿಂದ ಮರಿಯೊಂದು ಹೊರಬಂದಿತು.

ಸರೀಸೃಪಗಳು ಆರೋಗ್ಯವಾಗಿ ಕಂಡರೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಹೊತ್ತಿರಬಹುದು. ಮುಟ್ಟಿದ ನಂತರ ಕೈಯನ್ನು ಸೋಪಿನಿಂದ ತೊಳೆಯಬೇಕು. ನೀರಿನ ತೊಟ್ಟಿಯನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಈ ಪ್ರಾಣಿ ತಕ್ಕುದಲ್ಲ.

ಸಂರಕ್ಷಣೆ ಮತ್ತು ಕಾನೂನು

ಆವಾಸನಾಶದ ಜೊತೆಗೆ ಮಾಂಸಕ್ಕಾಗಿ ಮತ್ತು ಸಾಕುಪ್ರಾಣಿ ಮಾರುಕಟ್ಟೆಗಾಗಿ ನಡೆಯುವ ಬೇಟೆಯಿಂದ ಕಾಡಿನಲ್ಲಿ ಇದರ ಸಂಖ್ಯೆ ಕುಸಿದಿದ್ದು, ಐಯುಸಿಎನ್ ಕೆಂಪು ಪಟ್ಟಿ ಇದನ್ನು ‘ದುರ್ಬಲ’ ವರ್ಗದಲ್ಲಿ ಸೇರಿಸಿದೆ. 2022ರ ನವೆಂಬರ್‌ನಲ್ಲಿ ಪನಾಮದಲ್ಲಿ ನಡೆದ ಸೈಟ್ಸ್ ಸಮ್ಮೇಳನವು ಇದನ್ನು ಎರಡನೆಯ ಅನುಬಂಧಕ್ಕೆ ಸೇರಿಸಿದ ನಂತರ ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಅಗತ್ಯವಾಯಿತು. ಕಾಡಿನಿಂದ ಹಿಡಿದ ಓತಿಗಳಲ್ಲಿ ಪರೋಪಜೀವಿಗಳ ಹಾವಳಿಯೂ ಹೆಚ್ಚು. ಸೆರೆಯಲ್ಲಿ ಹುಟ್ಟಿದ ಮರಿ ಎಂಬುದಕ್ಕೆ ದಾಖಲೆ ಕೇಳುವುದಕ್ಕೆ ಇದೂ ಒಂದು ಕಾರಣ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯು ಸೈಟ್ಸ್ ಪಟ್ಟಿಯ ವಿದೇಶಿ ಪ್ರಾಣಿಗಳನ್ನು ಕಾಯ್ದೆಯ ವ್ಯಾಪ್ತಿಗೆ ತಂದಿದೆ. ಅವನ್ನು ಇಟ್ಟುಕೊಂಡವರು ನೋಂದಣಿ ಮಾಡಿಸುವ ವಿಧಾನವನ್ನು 2024ರ ನಿಯಮಗಳು ವಿವರಿಸುತ್ತವೆ.