ಕಲ್ಲಿನ ಸೇತುವೆ

ಮಳೆ ಬಂತು. ಜಯಮಂಗಲಿ ತುಂಬಿತು. ನಾವು ಈ ದಡದಲ್ಲೇ ಉಳಿದೆವು. ಬಸುರಿಗೆ ನೋವು ಬಂದರೆ ಆಸ್ಪತ್ರೆಗೆ ಹೋಗೋದು ಹೇಗೆ? ಸೇತುವೆ ಬೇಕು.

ಶ್ರೀರಂಗಪಟ್ಟಣದ ಸುತ್ತ ಕಾವೇರಿ ಹರಿಯುತ್ತದೆ. ಅಲ್ಲಿ ಒಂದು ಹಳೆಯ ಸೇತುವೆ ಇದೆ. ಅದರ ಹೆಸರು ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರ ಕಾಲದ್ದು. 1804ರಲ್ಲಿ ಕಟ್ಟಿದ್ದು.

ಕಟ್ಟಿದ್ದು ಹೇಗೆ? ನಮ್ಮ ಕಡೆಯ ಹಳೇ ಮನೆ ನೋಡಿ. ಕಂಬ ಇದೆ. ಕಂಬದ ಮೇಲೆ ಬೋದಿಗೆ. ಬೋದಿಗೆ ಮೇಲೆ ತೊಲೆ. ಸೇತುವೆಯೂ ಹಾಗೇ. ಮನೆಯಲ್ಲಿ ಮರ, ಅಲ್ಲಿ ಕಲ್ಲು. ಮರ ನೀರಲ್ಲಿ ಕೊಳೆಯುತ್ತದೆ. ಕಲ್ಲು ಕೊಳೆಯೋದಿಲ್ಲ. ಎಷ್ಟೋ ಸಲ ಪ್ರವಾಹ ಬಂತು. 200 ವರ್ಷ ದಾಟಿತು. ಸೇತುವೆ ಇನ್ನೂ ನಿಂತಿದೆ.

ನಮ್ಮೂರ ಹಳ್ಳಕ್ಕೂ ಸೇತುವೆ ಬೇಕಲ್ಲವೇ ಅಕ್ಕ? ಗ್ರಾಮಸಭೆಯಲ್ಲಿ ಕೇಳೋಣ. ಅರ್ಜಿ ನಾವೇ ಬರೆಯೋಣ. ಹೆಬ್ಬೆಟ್ಟು ಬೇಡ, ರುಜು ಹಾಕೋಣ.