ಕಾಣದ ಗಿರಾಕಿ ನಮ್ಮನ್ನು ನಂಬುವುದು ಹೇಗೆ?



ಸಂತೆಯಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆ, ಒಮ್ಮೆ ನೆನಪು ಮಾಡಿಕೊಳ್ಳಿ. ಗಿರಾಕಿ ಬರುತ್ತಾನೆ. ಶೇಂಗಾ ಕೈಯಲ್ಲಿ ಹಿಡಿದು ನೋಡುತ್ತಾನೆ. ಎರಡು ಕಾಳು ಬಾಯಿಗೆ ಹಾಕಿಕೊಳ್ಳುತ್ತಾನೆ. ತಕ್ಕಡಿಯ ಮೇಲೆ ಕಣ್ಣು ಇಡುತ್ತಾನೆ. "ಯಾವ ಊರ್ರೀ ನಿಮ್ದು?" ಅಂತ ಕೇಳುತ್ತಾನೆ. ನೀವು ಊರ ಹೆಸರು ಹೇಳುತ್ತೀರಿ. ಅವನಿಗೆ ಆ ಊರಲ್ಲಿ ಯಾರೋ ಬೀಗರು ಇರುತ್ತಾರೆ. ಮಾತು ಬೆಳೆಯುತ್ತದೆ. ಆಮೇಲೆ ಚೀಲ ಚಾಚುತ್ತಾನೆ.

ಇದಕ್ಕೆಲ್ಲ ಎಷ್ಟು ಹೊತ್ತು ಬೇಕು? ಐದು ನಿಮಿಷ. ಆ ಐದು ನಿಮಿಷದಲ್ಲಿ ಅವನು ಮುಟ್ಟಿ ನೋಡಿದ, ರುಚಿ ನೋಡಿದ, ಮುಖ ನೋಡಿದ, ಊರು ತಿಳಿದ. ಅದಕ್ಕೇ ನಂಬಿದ.

ಈಗ ಅದೇ ಅಂಗಡಿ ಫೋನಿನೊಳಗೆ ಇದೆ ಅಂತ ಇಟ್ಟುಕೊಳ್ಳಿ. ಇದನ್ನು ಜಾಲತಾಣ ಅಥವಾ ವೆಬ್‌ಸೈಟ್ ಅನ್ನುತ್ತಾರೆ. ಪುಣೆಯಲ್ಲಿ ಕೂತವರು ಅದನ್ನು ತೆರೆಯುತ್ತಾರೆ. ಅವರು ಕಾಳು ಮುಟ್ಟಲಾರರು. ತಕ್ಕಡಿ ನೋಡಲಾರರು. ನಿಮ್ಮ ಮುಖವೂ ಕಾಣದು. ಹಾಗಾದರೆ ಅವರು ಯಾವುದನ್ನು ನೋಡಿ ನಂಬಬೇಕು?

ಒಂದು ಉದಾಹರಣೆ

ಅಕ್ಕಲಕೋಟ ಸೀಮೆಯ ಒಂದು ಮಹಿಳಾ ಸ್ವಸಹಾಯ ಗುಂಪು ಅಂತ ತಿಳಿಯಿರಿ. ಹನ್ನೆರಡು ಜನ ಹೆಣ್ಣುಮಕ್ಕಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುತ್ತಾರೆ. ಸೊಲ್ಲಾಪುರ ಸೀಮೆಯ ಶೇಂಗಾ ಚಟ್ನಿಗೆ ದೂರದೂರ ಹೆಸರಿದೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಅಕ್ಕಲಕೋಟಕ್ಕೆ ಬಂದವರು ಚಟ್ನಿ ಕಟ್ಟಿಸಿಕೊಂಡು ಹೋಗುತ್ತಾರೆ. "ಮನೆಗೆ ಹೋದ ಮೇಲೆ ಮತ್ತೆ ಬೇಕಾದರೆ ಏನು ಮಾಡೋಣ?" ಅಂತ ಕೇಳುತ್ತಾರೆ. ಆದ್ದರಿಂದ ಗುಂಪಿನವರು ಬ್ಯಾಂಕಿನ ಸಾಲದಲ್ಲಿ ಸ್ವಲ್ಪ ತೆಗೆದು ಒಂದು ಜಾಲತಾಣ ಮಾಡಿಸಿದರು.

ಜನ ಬಂದು ನೋಡಿದರು. ಆದರೆ ಕೊಳ್ಳದೆ ಹೋದರು. ಒಂದು ತಿಂಗಳಲ್ಲಿ ಬಂದದ್ದು ಎರಡೇ ಬೇಡಿಕೆ. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಚಟ್ನಿ ಕೆಟ್ಟದ್ದಾಗಿತ್ತೇ? ಇಲ್ಲ. ನಂಬಿಕೆ ಹುಟ್ಟಿಸುವ ಗುರುತುಗಳೇ ಆ ತಾಣದಲ್ಲಿ ಇರಲಿಲ್ಲ. ಆ ಗುರುತುಗಳನ್ನು ಒಂದೊಂದಾಗಿ ನೋಡೋಣ. ನಿಮ್ಮದು ಚಾದರ ಇರಲಿ, ಬೆಲ್ಲ ಇರಲಿ, ಹೊಲಿಗೆ ಇರಲಿ, ಮಾತು ಒಂದೇ.

1. ಮೊದಲ ನೋಟ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಜಾಲತಾಣ ತೋರಿಸಿ, ಯಾವುದನ್ನು ನಂಬುತ್ತೀರಿ, ಯಾಕೆ ಅಂತ ಕೇಳಿದರು. ಬಂದ ಉತ್ತರಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ತಾಣದ ನೋಟದ ಬಗ್ಗೆಯೇ ಇದ್ದವು. ಅಂದರೆ ಜನ ಓದುವ ಮೊದಲೇ ನೋಡುತ್ತಾರೆ. ಅಂಗಳ ಗುಡಿಸಿದ ಮನೆಗೆ ನೆಂಟರು ಧೈರ್ಯವಾಗಿ ಬರುವುದಿಲ್ಲವೇ, ಹಾಗೆ.

ನೋಟ ಚೆಂದ ಇರಬೇಕು ಅಂದರೆ ಥಳಕು ಬೇಕು ಅಂತ ಅಲ್ಲ. ಅಕ್ಷರ ದೊಡ್ಡದಾಗಿರಲಿ. ಸಾಲುಗಳ ನಡುವೆ ಜಾಗ ಇರಲಿ. ಮಿಣಮಿಣ ಅನ್ನುವ ಚಿತ್ರ, ತಾನಾಗಿಯೇ ಕೂಗುವ ಹಾಡು ಬೇಡ. ಹೆಚ್ಚಿನವರು ಫೋನಿನಲ್ಲೇ ನೋಡುತ್ತಾರೆ. ಆದ್ದರಿಂದ ಫೋನಿನಲ್ಲಿ ಸರಿಯಾಗಿ ಕಾಣುತ್ತದೆಯೇ ಅಂತ ಪರೀಕ್ಷೆ ಮಾಡಿ.

ಕಾಗುಣಿತ ತಪ್ಪು ಇರಬಾರದು. ಗಡಿನಾಡಿನವರಾದ ನಾವು ಎರಡು ಮೂರು ಭಾಷೆಯಲ್ಲಿ ಬರೆಯಬೇಕಾಗುತ್ತದೆ. ಕನ್ನಡ ನಮ್ಮದು. ಮರಾಠಿ, ಹಿಂದಿ ಗಿರಾಕಿಯದು. ಯಂತ್ರ ಮಾಡಿಕೊಟ್ಟ ಅನುವಾದವನ್ನು ಹಾಗೇ ಅಂಟಿಸಬೇಡಿ. ಆ ಭಾಷೆ ಬಲ್ಲವರಿಂದ ಒಮ್ಮೆ ಓದಿಸಿ. "ಇವರಿಗೆ ತಮ್ಮ ಮಾತೇ ನೆಟ್ಟಗೆ ಬರೆಯೋಕೆ ಬರಲ್ಲ, ಸಾಮಾನು ನೆಟ್ಟಗೆ ಕಳಿಸ್ತಾರಾ?" ಅಂತ ಗಿರಾಕಿ ಅಂದುಕೊಳ್ಳಬಾರದು.

ಇನ್ನೊಂದು ಮಾತು. ಎರಡು ವರ್ಷ ಹಳೆಯ ದೀಪಾವಳಿ ರಿಯಾಯಿತಿ ಇನ್ನೂ ನೇತಾಡುತ್ತಿದ್ದರೆ, ಅಂಗಡಿ ಮುಚ್ಚಿದೆ ಅಂತಲೇ ಅರ್ಥ. ಹಳೆಯದನ್ನು ತೆಗೆದುಬಿಡಿ.

2. ನೀವು ಯಾರು, ಎಲ್ಲಿಯವರು?

ಸಂತೆಯಲ್ಲಿ ಕೇಳುವ ಪ್ರಶ್ನೆಯನ್ನೇ ಇಲ್ಲೂ ಗಿರಾಕಿ ಕೇಳುತ್ತಾನೆ. ಉತ್ತರ ಎದ್ದು ಕಾಣಬೇಕು. ಗುಂಪಿನ ಪೂರ್ತಿ ಹೆಸರು, ಊರು, ತಾಲೂಕು, ಜಿಲ್ಲೆ, ಪಿನ್‌ಕೋಡ್, ಫೋನ್ ನಂಬರ್ ಬರೆಯಿರಿ. ಫೋನ್ ಯಾವ ವೇಳೆಗೆ ಎತ್ತುತ್ತೀರಿ ಅನ್ನುವುದನ್ನೂ ಬರೆಯಿರಿ. ಬರೆದ ಮೇಲೆ ಎತ್ತಲೇಬೇಕು. ಎತ್ತದ ಫೋನು ಮುಚ್ಚಿದ ಬಾಗಿಲು ಇದ್ದಂತೆ.

ಇದು ಬರೀ ಒಳ್ಳೆಯ ನಡತೆ ಅಲ್ಲ, ಕಾನೂನು ಕೂಡ. 2020ರ ಗ್ರಾಹಕ ರಕ್ಷಣೆ ಇ-ವಾಣಿಜ್ಯ ನಿಯಮಗಳ ಪ್ರಕಾರ ಅಂತರಜಾಲದಲ್ಲಿ ಮಾರುವವರು ತಮ್ಮ ಹೆಸರು, ವಿಳಾಸ, ಸಂಪರ್ಕ, ದೂರು ಕೇಳುವವರ ವಿವರ ತೋರಿಸಬೇಕು.

ತಿನ್ನುವ ಪದಾರ್ಥ ಮಾರುವವರು ಆಹಾರ ಸುರಕ್ಷತೆಯ ಸಂಸ್ಥೆ ಎಫ್‌ಎಸ್‌ಎಸ್‌ಎಐನಲ್ಲಿ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಅದಕ್ಕೆ 14 ಅಂಕಿಯ ನಂಬರ್ ಇರುತ್ತದೆ. ಅದನ್ನು ತಾಣದಲ್ಲಿ ಹಾಕಿ. ಜಿಎಸ್‌ಟಿ ನೋಂದಣಿ ಇದ್ದರೆ 15 ಅಕ್ಷರ-ಅಂಕಿಯ ಆ ಗುರುತನ್ನೂ ಹಾಕಿ. ಅದರ ಮೊದಲ ಎರಡು ಅಂಕಿ ರಾಜ್ಯವನ್ನು ಹೇಳುತ್ತವೆ. ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29, ಕೇರಳಕ್ಕೆ 32, ತಮಿಳುನಾಡಿಗೆ 33, ತೆಲಂಗಾಣಕ್ಕೆ 36, ಆಂಧ್ರಪ್ರದೇಶಕ್ಕೆ 37. ಜಿಎಸ್‌ಟಿ ಸರಕಾರಿ ತಾಣದಲ್ಲಿ ಆ ನಂಬರ್ ಹಾಕಿ ಯಾರು ಬೇಕಾದರೂ ಹೆಸರು ನೋಡಬಹುದು. ಬೇರೆ ರಾಜ್ಯಕ್ಕೆ ಸಾಮಾನು ಕಳಿಸುವ ಮೊದಲು ನೋಂದಣಿ ಬೇಕೋ ಹೇಗೆ ಅಂತ ಲೆಕ್ಕಪತ್ರ ಬಲ್ಲವರನ್ನು ಕೇಳಿಕೊಳ್ಳಿ.

ಜಾಲತಾಣದ ಹೆಸರು ಗುಂಪಿನ ಹೆಸರಿನಲ್ಲೇ ನೋಂದಣಿ ಆಗಲಿ. ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಬೇಡ. ಹೊತ್ತಿಗೆ ಸರಿಯಾಗಿ ಹಣ ಕಟ್ಟಿ ನವೀಕರಿಸಿ. ತಪ್ಪಿದರೆ ಆ ಹೆಸರನ್ನು ಬೇರೆಯವರು ಕೊಂಡುಕೊಳ್ಳಬಹುದು. ಆಗ ನಿಮ್ಮ ಹೆಸರಲ್ಲಿ ಅವರು ಅಂಗಡಿ ಇಟ್ಟಂತಾಗುತ್ತದೆ.

3. ಸಾಮಾನಿನ ಬಗ್ಗೆ ಪೂರ್ತಿ ಹೇಳಿ

ನಮ್ಮ ಉದಾಹರಣೆಯ ಗುಂಪಿನ ತಾಣದಲ್ಲಿ ಒಂದು ಸೊಗಸಾದ ಫೋಟೋ ಇತ್ತು. ಬೆಳ್ಳಿಯ ಬಟ್ಟಲಲ್ಲಿ ಚಟ್ನಿ. ಆದರೆ ಆ ಫೋಟೋ ಅಂತರಜಾಲದಿಂದ ತೆಗೆದದ್ದು. ಅದೇ ಫೋಟೋ ಇನ್ನೂ ಹತ್ತು ಕಡೆ ಇತ್ತು. ಮೋಸದ ತಾಣಗಳೂ ಹೀಗೇ ಕದ್ದ ಚಿತ್ರ ಹಾಕುತ್ತವೆ. ಒಂದು ಚಿತ್ರ ಎಲ್ಲೆಲ್ಲಿ ಇದೆ ಅಂತ ಫೋನಿನಲ್ಲೇ ಹುಡುಕಬಹುದು. ಸಿಕ್ಕಿಬಿದ್ದರೆ ನಂಬಿಕೆ ಹೋಯಿತು.

ನಿಮ್ಮ ಫೋನಿನಲ್ಲೇ ಫೋಟೋ ತೆಗೆಯಿರಿ. ಹಗಲು ಬೆಳಕಿನಲ್ಲಿ ತೆಗೆಯಿರಿ. ಶೇಂಗಾ ಹುರಿಯುವುದು, ಒರಳಲ್ಲಿ ಕುಟ್ಟುವುದು, ಪೊಟ್ಟಣ ಕಟ್ಟುವುದು, ಕೆಲಸ ಮಾಡುವ ಕೈಗಳು, ಎಲ್ಲ ಇರಲಿ. ಮುಖ ಹಾಕುವ ಮೊದಲು ಅವರ ಒಪ್ಪಿಗೆ ಕೇಳಿ.

ಪೊಟ್ಟಣದ ಸಾಮಾನು ಅಂತರಜಾಲದಲ್ಲಿ ಮಾರುವಾಗ ಕೆಲವು ವಿವರ ತೋರಿಸುವುದು 2018ರ ಜನವರಿ 1ರಿಂದ ಕಡ್ಡಾಯ. ತಯಾರಿಸಿದವರ ಹೆಸರು ವಿಳಾಸ, ಸಾಮಾನಿನ ಹೆಸರು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿ ಗರಿಷ್ಠ ಬೆಲೆ, ದೂರಿಗೆ ಸಂಪರ್ಕ. ಚಟ್ನಿ ಎಷ್ಟು ದಿನ ಇರುತ್ತದೆ, ಅದರಲ್ಲಿ ಏನೇನು ಹಾಕಿದೆ, ಖಾರ ಎಷ್ಟು ಅನ್ನುವುದನ್ನೂ ಬರೆಯಿರಿ. ಶೇಂಗಾ ಕೆಲವರ ಮೈಗೆ ಒಗ್ಗುವುದಿಲ್ಲ. ಅದನ್ನು ಮುಚ್ಚಿಡಬೇಡಿ.

ಇಲ್ಲದ ಹಿರಿಮೆ ಹೇಳಿಕೊಳ್ಳಬೇಡಿ. ಸೊಲ್ಲಾಪುರದ ಚಾದರಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಕಡೆ ನೇಯ್ದದ್ದಕ್ಕೆ ಆ ಹೆಸರು ಅಂಟಿಸಿ ಮಾರುವುದು ತಪ್ಪು. ನೇಕಾರರ ಹೊಟ್ಟೆಯ ಮೇಲೆ ಹೊಡೆದಂತೆ.

4. ಬೆಲೆ ಒಂದೇ ಇರಲಿ

ಮೊದಲು 200 ರೂಪಾಯಿ ಅಂತ ತೋರಿಸುತ್ತೀರಿ. ಹಣ ಕೊಡುವ ಹೊತ್ತಿಗೆ ಪೊಟ್ಟಣಕ್ಕೆ 30, ಸಾಗಣೆಗೆ 80 ಸೇರಿಸಿ 310 ಮಾಡುತ್ತೀರಿ. ಗಿರಾಕಿ ಏನು ಮಾಡುತ್ತಾನೆ? ಅಲ್ಲಿಂದಲೇ ಎದ್ದು ಹೋಗುತ್ತಾನೆ. ಸಾಗಣೆ ಖರ್ಚು ಇದ್ದರೆ ಮೊದಲೇ ಹೇಳಿ.

"ಇನ್ನು ಎರಡೇ ಪೊಟ್ಟಣ ಉಳಿದಿವೆ, ಬೇಗ ಕೊಳ್ಳಿ" ಅಂತ ಸುಳ್ಳು ಅವಸರ ಮಾಡಬೇಡಿ. ಕೇಂದ್ರ ಸರಕಾರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಯ ಮರುಳು ಮಾಡುವ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಅವಸರ, ಕಡೆಗೆ ಬೆಲೆ ಏರಿಸುವುದು, ಎರಡೂ ಆ ಪಟ್ಟಿಯಲ್ಲಿವೆ.

5. ಹಣ ಹೋಗುವ ದಾರಿ

ಇಲ್ಲಿಯೇ ನಮ್ಮ ಗುಂಪು ಹೆಚ್ಚು ಪೆಟ್ಟು ತಿಂದದ್ದು. ತಾಣದಲ್ಲಿ ಗುಂಪಿನ ಹೆಸರು. ಆದರೆ ಹಣ ಕಳಿಸಲು ಹೋದರೆ ಯಾರೋ ಒಬ್ಬ ಹುಡುಗನ ಹೆಸರು ಬರುತ್ತಿತ್ತು. ಅವನು ಗುಂಪಿನ ಒಬ್ಬ ಸದಸ್ಯೆಯ ಮಗ. ಖಾತೆ ಅವನದು. ಮನೆಯವರಿಗೆ ಅದು ಗೊತ್ತು. ಪುಣೆಯ ಗಿರಾಕಿಗೆ ಹೇಗೆ ಗೊತ್ತಾಗಬೇಕು? "ಇದೇನೋ ಮೋಸ" ಅಂತ ಹಿಂದೆ ಸರಿದರು.

ಯುಪಿಐಯಲ್ಲಿ ಹಣ ಕಳಿಸುವ ಮುಂಚೆ ಪಡೆಯುವವರ ಹೆಸರು ಕಾಣುತ್ತದೆ. 2025ರ ಜೂನ್ 30ರಿಂದ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಅಂತ ನಿಯಮ ಬಂದಿದೆ. ಆದ್ದರಿಂದ ಗುಂಪಿನ ಹೆಸರಲ್ಲೇ ಖಾತೆ ಇರಲಿ. ತಾಣದಲ್ಲಿ "ಹಣ ಕಳಿಸುವಾಗ ಇದೇ ಹೆಸರು ಕಾಣಬೇಕು, ಬೇರೆ ಹೆಸರು ಕಂಡರೆ ಕಳಿಸಬೇಡಿ" ಅಂತ ಬರೆಯಿರಿ. ಈ ಒಂದು ಸಾಲು ಗಿರಾಕಿಗೆ ದೊಡ್ಡ ಧೈರ್ಯ.

ಆಗುವುದಾದರೆ, ಸಾಮಾನು ಕೈಗೆ ಬಂದ ಮೇಲೆ ಹಣ ಕೊಡುವ ದಾರಿಯನ್ನೂ ಇಡಿ. ಗಿರಾಕಿಯ ಪಿನ್, ಓಟಿಪಿ, ಆಧಾರ್ ನಂಬರ್ ಎಂದಿಗೂ ಕೇಳಬೇಡಿ. ಚಟ್ನಿ ಕಳಿಸಲು ವಿಳಾಸ ಮತ್ತು ಫೋನ್ ನಂಬರ್ ಸಾಕಲ್ಲ!

6. ಬೀಗದ ಗುರುತು

ತಾಣದ ವಿಳಾಸ ಎಚ್‌ಟಿಟಿಪಿಎಸ್ ಅಂತ ಶುರು ಆಗಬೇಕು. ಆಗ ಗಿರಾಕಿ ಬರೆದದ್ದು ದಾರಿಯಲ್ಲಿ ಯಾರಿಗೂ ಓದಲು ಸಿಗದಂತೆ ಮುಚ್ಚಿ ಹೋಗುತ್ತದೆ. ಇಲ್ಲದಿದ್ದರೆ ಗೂಗಲ್ ಕ್ರೋಮ್ 2018ರ ಜುಲೈನಿಂದ "ಸುರಕ್ಷಿತವಲ್ಲ" ಅಂತ ತೋರಿಸುತ್ತದೆ. ಆ ಮಾತು ಕಂಡ ಮೇಲೆ ಯಾರು ನಿಲ್ಲುತ್ತಾರೆ? ಈ ಸೌಲಭ್ಯ ಪುಕ್ಕಟೆಯಾಗಿಯೂ ಸಿಗುತ್ತದೆ. ತಾಣ ಮಾಡಿಕೊಡುವವರನ್ನು ಕೇಳಿ ಪಡೆಯಿರಿ.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಬೀಗ ಇದ್ದರೆ ದಾರಿ ಭದ್ರ ಅಂತ ಅರ್ಥ. ಮನೆಯೊಳಗಿನ ಮನುಷ್ಯ ಒಳ್ಳೆಯವನು ಅಂತ ಅರ್ಥವಲ್ಲ. ಮೋಸಗಾರರ ತಾಣಕ್ಕೂ ಬೀಗ ಇರಬಹುದು. ಅದಕ್ಕೇ ಉಳಿದ ಗುರುತುಗಳೂ ಬೇಕು.

7. ಕೊಂಡವರ ಮಾತು

ಕೊಂಡವರು ಏನು ಹೇಳಿದರು ಅನ್ನುವುದನ್ನು ಹೊಸಬರು ಓದುತ್ತಾರೆ. ನಿಜವಾಗಿ ಕೊಂಡವರ ಮಾತನ್ನು ಅವರ ಒಪ್ಪಿಗೆ ಪಡೆದು ಹಾಕಿ. "ಚಟ್ನಿ ಚೆನ್ನಾಗಿದೆ, ಖಾರ ಸ್ವಲ್ಪ ಜಾಸ್ತಿ" ಅಂತ ಬಂದರೆ ಅದನ್ನೂ ಹಾಗೇ ಇಡಿ. ಕೆಳಗೆ ನಿಮ್ಮ ಉತ್ತರ ಬರೆಯಿರಿ. ಬರೀ ಹೊಗಳಿಕೆ ಇದ್ದರೆ ಜನ ಅನುಮಾನ ಪಡುತ್ತಾರೆ.

ನಿಮ್ಮವರೇ ಗಿರಾಕಿಯ ವೇಷ ಹಾಕಿ ಹೊಗಳಿ ಬರೆಯಬೇಡಿ. 2020ರ ನಿಯಮಗಳು ಇದನ್ನು ಮಾಡಬಾರದು ಅನ್ನುತ್ತವೆ.

8. ತಪ್ಪಾದರೆ ಏನು ಮಾಡುತ್ತೀರಿ?

ರೊಟ್ಟಿ ದಾರಿಯಲ್ಲಿ ಮುರಿಯಬಹುದು. ಪೊಟ್ಟಣ ಒಡೆಯಬಹುದು. ಆಗ ಹಣ ವಾಪಸ್ಸೋ, ಬೇರೆ ಪೊಟ್ಟಣವೋ? ಎಷ್ಟು ದಿನದಲ್ಲಿ? ಸರಳ ಮಾತಿನಲ್ಲಿ ಬರೆದಿಡಿ. ದೂರು ಬಂದರೆ 48 ಗಂಟೆಯೊಳಗೆ ಮುಟ್ಟಿತು ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇದು ನಿಯಮ.

ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೆ ಒಂದು ನಂಬರ್ ಕೊಡುತ್ತಾರೆ. ಅದನ್ನು ಅವತ್ತೇ ಗಿರಾಕಿಗೆ ಕಳಿಸಿ. ತನ್ನ ಸಾಮಾನು ಎಲ್ಲಿದೆ ಅಂತ ಅವರೇ ನೋಡಿಕೊಳ್ಳುತ್ತಾರೆ.

ಕೊನೆಯ ಮಾತು

ನಮ್ಮ ಗುಂಪಿನವರು ಏನು ಮಾಡಬೇಕು? ಖಾತೆ ಬದಲಿಸಬೇಕು. ತಮ್ಮದೇ ಫೋಟೋ ಹಾಕಬೇಕು. ವಿಳಾಸ, ನಂಬರ್, ಬೆಲೆ ಬರೆಯಬೇಕು. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಒಂದು ವಾರದ ಶ್ರಮ ಸಾಕು. ಮರುದಿನವೇ ಗಿರಾಕಿಗಳು ಸಾಲು ಹಚ್ಚುತ್ತಾರೆ ಅಂತಲ್ಲ. ಆದರೆ ಬಂದವರು ಅನುಮಾನದಿಂದ ತಿರುಗಿ ಹೋಗುವುದು ಕಡಿಮೆ ಆಗುತ್ತದೆ.

ಇನ್ನೊಂದು ಮಾತು ನೆನಪಿರಲಿ. ತಾಣ ನಂಬಿಕೆಯಾಗಿ ಕಂಡರೆ ಮೊದಲ ಬಾರಿ ಕೊಳ್ಳುತ್ತಾರೆ. ಸಾಮಾನು ಹೇಳಿದಂತೆ ಇದ್ದರೆ ಎರಡನೇ ಬಾರಿ ಕೊಳ್ಳುತ್ತಾರೆ. ಹೊರಗೆ ಥಳಕು, ಒಳಗೆ ಹುಳುಕು ಆದರೆ ಯಾವ ಜಾಲತಾಣವೂ ಕಾಪಾಡದು.

ನೀವೇ ಗಿರಾಕಿ ಆದಾಗಲೂ ಇವೇ ಗುರುತುಗಳನ್ನು ಹುಡುಕಿ. ಸಾಮಾನಿನ ಬಗ್ಗೆ ದೂರಿದ್ದರೆ 1915ಕ್ಕೆ ಕರೆ ಮಾಡಿ. ಹಣ ಮೋಸ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಗುಂಪಿನಲ್ಲಿ ಕೂತು ಮಾತಾಡಿ

1. ನಿಮ್ಮ ಊರಿನಲ್ಲಿ ತಯಾರಾಗುವ ಯಾವ ಸಾಮಾನನ್ನು ದೂರದವರಿಗೆ ಮಾರಬಹುದು?
2. ಯಾರಾದರೂ ಒಬ್ಬರ ಫೋನಿನಲ್ಲಿ ಒಂದು ಅಂಗಡಿಯ ತಾಣ ತೆರೆಯಿರಿ. ವಿಳಾಸ, ಫೋನ್, ಬೆಲೆ, ವಾಪಸ್ಸಿನ ಮಾತು ಇವೆಯೇ? ಎಣಿಸಿ ನೋಡಿ.
3. ಹಣ ಪಡೆಯುವವರ ಹೆಸರು ಬೇರೆ ಬಂದರೆ ನೀವು ಏನು ಮಾಡುತ್ತೀರಿ? ಯಾಕೆ?

ಹೊಸ ಪದಗಳು

ಜಾಲತಾಣ: ಫೋನ್ ಅಥವಾ ಕಂಪ್ಯೂಟರಿನಲ್ಲಿ ತೆರೆಯುವ ಅಂಗಡಿ ಅಥವಾ ಸಂಸ್ಥೆಯ ಪುಟಗಳು.
ನಿವ್ವಳ ತೂಕ: ಪೊಟ್ಟಣದ ತೂಕ ಬಿಟ್ಟು ಒಳಗಿನ ಸಾಮಾನಿನ ತೂಕ.
ನವೀಕರಿಸು: ಅವಧಿ ಮುಗಿಯುವ ಮೊದಲು ಮತ್ತೆ ಹಣ ಕಟ್ಟಿ ಮುಂದುವರಿಸು.
ಭೌಗೋಳಿಕ ಗುರುತು: ಒಂದು ಸೀಮೆಯ ಹೆಸರಾಂತ ಸಾಮಾನಿಗೆ ಕಾನೂನು ಕೊಡುವ ರಕ್ಷಣೆ.