ಸಾಕೆಂಬ ಮಾತಿನ ಬೆಲೆ

“ಸರಳ ಜೀವನ” ಎಂಬ ಮಾತು ನಮಗೆ ಹಳೆಯದು. ಹಳೆಯದಾದ್ದರಿಂದಲೇ ಅದರ ಅರ್ಥವನ್ನು ಕೇಳುವ ಗೊಡವೆಗೆ ಯಾರೂ ಹೋಗುವುದಿಲ್ಲ. ಕೆಲವರು ಅದನ್ನು ಬಡತನಕ್ಕಿಟ್ಟ ಒಳ್ಳೆಯ ಹೆಸರೆಂದು ತಿಳಿಯುತ್ತಾರೆ. ಕೆಲವರು ಮಠದವರಿಗೆ ತಕ್ಕದ್ದೆಂದು ಬದಿಗಿಡುತ್ತಾರೆ. ಎರಡೂ ಸರಿಯಲ್ಲ. ಬಡತನದಲ್ಲಿ ಆಯ್ಕೆಗೆ ಎಡೆಯಿಲ್ಲ. ಸರಳತೆಯಾದರೋ ಆಯ್ಕೆಯಿಂದಲೇ ಹುಟ್ಟತಕ್ಕದ್ದು. ಅದರ ಅಗತ್ಯವೂ ಸನ್ಯಾಸಿಗಿಂತ ಸಂಸಾರಸ್ಥನಿಗೇ ಹೆಚ್ಚು.

ಲಕ್ಷ್ಮೇಶ್ವರ ಸೀಮೆಯ ಯಳವತ್ತಿಯಂಥ ಊರುಗಳ ಹಳೆಯ ಮನೆತನಗಳನ್ನು ನೆನೆಯಿರಿ. ಜೋಳಕ್ಕೆ ಹಗೇವು, ಹಾಲು ಬೆಣ್ಣೆಗೆ ನೆಲುವು, ಹೊದೆಯಲು ಕೌದಿ. ಕೌದಿಯೆಂದರೆ ಹರಿದ ಸೀರೆ ಧೋತರಗಳನ್ನೇ ಪದರು ಪದರಾಗಿ ಹೊಲಿದದ್ದು. ಆ ಮನೆಗಳಲ್ಲಿ ಕಷ್ಟವಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಯಾವ ವಸ್ತು ಏತಕ್ಕಾಗಿ ಇದೆಯೆಂಬುದು ಮನೆಯ ಸಣ್ಣ ಮಗುವಿಗೂ ಗೊತ್ತಿತ್ತು. ಇಂದು ಕಪಾಟು ತೆರೆದರೆ ಮನೆಯ ಯಜಮಾನನಿಗೇ ಅದು ಗೊತ್ತಾಗುವುದಿಲ್ಲ.

ಈ ವಿಷಯದಲ್ಲಿ ಕನ್ನಡಿಗರಿಗೆ ಮೊದಲು ಪಾಠ ಹೇಳಿದವರು ದಂಪತಿಗಳು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಆಯ್ದಕ್ಕಿ ಮಾರಯ್ಯನ ಕಾಯಕವು ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದನಂತೆ. ಹೆಂಡತಿ ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದಳು. ಕತೆ ಚಿಕ್ಕದು, ತರ್ಕ ಗಟ್ಟಿಯಾದದ್ದು. ನಾಳಿನ ಅಕ್ಕಿ ಇಂದೇ ಮನೆಗೆ ಬಂದರೆ ನಾಳಿನ ಕಾಯಕದ ಮೇಲಿನ ನಂಬಿಗೆ ಸಡಿಲಾಗುತ್ತದೆ. ಇನ್ನೊಬ್ಬರ ಪಾಲು ನಮ್ಮ ಗಡಿಗೆಯಲ್ಲಿ ಸೇರುತ್ತದೆ. ಕೂಡಿಟ್ಟದ್ದನ್ನು ಕಾಯುವ ಚಿಂತೆ ಹೊಸದಾಗಿ ಅಂಟಿಕೊಳ್ಳುತ್ತದೆ. ಬೇಕಾದದ್ದಕ್ಕೂ ಸಾಕಾದದ್ದಕ್ಕೂ ನಡುವೆ ಗೆರೆ ಎಳೆದವಳು ಅಡಿಗೆಯ ಅಳತೆ ಬಲ್ಲ ಮನೆಯಾಕೆ ಎಂಬುದನ್ನು ಗಮನಿಸಬೇಕು.

ಆದರೆ ಬಿಡುವುದೇ ಗುರಿಯಲ್ಲ. ಬಿಟ್ಟ ಜಾಗದಲ್ಲಿ ಏನನ್ನು ತುಂಬಿದೆವು ಎಂಬುದೇ ಮುಖ್ಯ. ಇದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮವೇ ನಿದರ್ಶನ. ದೃಷ್ಟಿಹೀನರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಹಿಂದುಸ್ತಾನಿ ಕರ್ನಾಟಕಿ ಎರಡರಲ್ಲಿಯೂ ಪಾಂಡಿತ್ಯ ಪಡೆದರು. ಸ್ವಂತಕ್ಕೆಂದು ಏನನ್ನೂ ಕೂಡಿಡದೆ, ಕಣ್ಣಿಲ್ಲದ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನವಿಕ್ಕಿ ಸಂಗೀತ ಕಲಿಸಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010) ಅದೇ ಹಾದಿಯಲ್ಲಿ ನಡೆದರು. ನಾಟಕ ಕಂಪನಿ ನಡೆಸಿ ಆಶ್ರಮವನ್ನು ಸಲಹಿದರು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಪ್ರಾರಂಭವಾದ ಮೇಲೆ ನಾಡಿನ ಮನೆಮನೆಗೆ ದನಿ ಮುಟ್ಟಿಸಿದ ಬಸವರಾಜ ರಾಜಗುರು ಅವರೂ ಪಂಚಾಕ್ಷರಿ ಗವಾಯಿಗಳ ಗರಡಿಯವರೇ. ಒಬ್ಬರು ಗಂಟು ಕಟ್ಟದೆ ಹೋದದ್ದರಿಂದ ನೂರಾರು ಮಕ್ಕಳಿಗೆ ಕಸುಬು ದೊರೆಯಿತು. ಸರಳತೆಯ ಲೆಕ್ಕವೆಂದರೆ ಇದು.

ಇತ್ತೀಚಿನ ಉದಾಹರಣೆ ಬೇಕೆಂದರೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳಿದ್ದಾರೆ. ಅವರ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. ತಮಗೆ ಸ್ಮಾರಕ ಕಟ್ಟಬಾರದೆಂದು 2014ರಲ್ಲಿಯೇ ಬರೆದಿಟ್ಟಿದ್ದರು; 2023ರ ಜನವರಿ 2ರಂದು ದೇಹ ಬಿಟ್ಟಾಗ ಅವರ ಇಚ್ಛೆಯಂತೆ ಅಗ್ನಿಸಂಸ್ಕಾರ ನಡೆಯಿತು. ಕಿಸೆಯಿಲ್ಲದ ಅಂಗಿ ಸಂಸಾರಸ್ಥನಿಗೆ ಸಾಧ್ಯವಿಲ್ಲ, ನಿಜ. ಆದರೆ ಕಿಸೆಯಲ್ಲಿ ಏನಿರಬೇಕು ಎಂಬ ಪ್ರಶ್ನೆ ಅವನದೇ.

ಮನೆಗೆ ಬರುವ ಪ್ರತಿಯೊಂದು ವಸ್ತುವಿಗೂ ನಾಲ್ಕು ಬೆಲೆಗಳಿವೆ. ಅಂಗಡಿಯಲ್ಲಿ ಕೊಟ್ಟ ದುಡ್ಡು ಮೊದಲನೆಯದು. ಅದು ಹಿಡಿಯುವ ಸ್ಥಳ ಎರಡನೆಯದು. ಒರೆಸುವ, ತೊಳೆಯುವ, ರಿಪೇರಿ ಮಾಡಿಸುವ ವೇಳೆ ಮೂರನೆಯದು. ಅದರ ಮೇಲಿಡುವ ಲಕ್ಷ್ಯ ನಾಲ್ಕನೆಯದು. ನಾವು ಚೌಕಾಸಿ ಮಾಡುವುದು ಮೊದಲನೆಯ ಬೆಲೆಗೆ ಮಾತ್ರ. ಉಳಿದ ಮೂರನ್ನು ಕೇಳಿದಷ್ಟು ಕೊಡುತ್ತೇವೆ. ಕೈಯಲ್ಲಿರುವ ಮೊಬೈಲು ನಾಲ್ಕನೆಯ ಬೆಲೆಯನ್ನೇ ಹೆಚ್ಚಾಗಿ ವಸೂಲು ಮಾಡುತ್ತದೆ. ರೇಡಿಯೋ ಕಾರ್ಯಕ್ರಮಕ್ಕೆ ಮೊದಲಿದೆ, ಕೊನೆಯಿದೆ. ಕೇಳುತ್ತ ರೊಟ್ಟಿ ಬಡಿಯಬಹುದು. ಮೊಬೈಲಿಗೆ ಮುಗಿತಾಯವೆಂಬುದೇ ಇಲ್ಲ. ಅದು ಕಣ್ಣನ್ನೂ ಕೈಯನ್ನೂ ಒಮ್ಮೆಗೇ ಕೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ಹೊರೆ ಲಗ್ನದ ಖರ್ಚು. ಮಳೆಯನ್ನೇ ನಂಬಿದ ನಮ್ಮ ಸೀಮೆಯಲ್ಲಿ ಒಬ್ಬ ಒಕ್ಕಲಿಗ ಮಗಳ ಲಗ್ನಕ್ಕೆ ಮೂರು ಲಕ್ಷ ರೂಪಾಯಿ ಕೈಗಡ ತೆಗೆದನೆಂದು ತಿಳಿಯಿರಿ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 6,000, ವರುಷಕ್ಕೆ 72,000 ರೂಪಾಯಿ ಬಡ್ಡಿಗೇ ಹೋಯಿತು. ಅಸಲು ಹಾಗೆಯೇ ಉಳಿಯಿತು. ಎರಡು ದಿನದ ಪೆಂಡಾಲು ಕಿರಿಯ ಮಗನ ಕಾಲೇಜನ್ನು ತಿಂದುಹಾಕಿತು. ಸಾಲದ ಈ ಕುಣಿಕೆಯಿಂದ ರೈತನನ್ನು ಬಿಡಿಸಲೆಂದೇ 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ಆದರೆ ಕಡಿಮೆ ಬಡ್ಡಿಯ ಸಾಲವೂ ಸಾಲವೇ. ಸಾಲದ ಕಾರಣವನ್ನೇ ಕಡಿಮೆ ಮಾಡುವ ಹಾದಿಯೂ ನಮ್ಮ ಕಣ್ಣ ಮುಂದಿದೆ. 1966ರಲ್ಲಿ ಕುವೆಂಪು ಅವರು ಮಗ ಪೂರ್ಣಚಂದ್ರ ತೇಜಸ್ವಿಯವರ ಲಗ್ನವನ್ನು ಮಂತ್ರಮಾಂಗಲ್ಯದ ಸರಳ ಪದ್ಧತಿಯಲ್ಲಿ ಮಾಡಿದರು. 1972ರಿಂದ ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹಗಳು ನಡೆದಿವೆ. ನಮ್ಮ ಕಡೆಯ ಮಠಗಳ ಜಾತ್ರೆಗಳಲ್ಲಿಯೂ ನಡೆಯುತ್ತವೆ. ಅಡ್ಡಿಯಾಗಿರುವುದು “ಜನ ಏನೆಂದಾರು” ಎಂಬ ಒಂದೇ ಮಾತು. ಹಾಗೆಂದವರಾರೂ ಬಡ್ಡಿ ಕಟ್ಟಲು ಬರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಗಂಡಸರ ಸರಳತೆ ಹೆಂಗಸರ ದುಡಿಮೆಯ ಮೇಲೆ ನಿಲ್ಲಬಾರದು. ಮಿಕ್ಸರು ಬೇಡ, ಒರಳೇ ಇರಲಿ ಎಂದು ಕಟ್ಟೆಯ ಮೇಲೆ ಕುಳಿತು ಉಪದೇಶಿಸುವುದು ಸುಲಭ. ರುಬ್ಬುವ ಕೈ ಬೇರೆಯವರದು. ನಳದ ನೀರು, ಗ್ಯಾಸಿನ ಒಲೆ ಇವು ತಾಯಿಗೆ ದಿನಕ್ಕೊಂದು ತಾಸು ಉಳಿಸಿಕೊಟ್ಟರೆ ಅವೂ ಸರಳತೆಯ ಸಾಧನಗಳೇ. ವಸ್ತುಗಳನ್ನು ಎಣಿಸುವುದಲ್ಲ, ಈ ವಸ್ತು ನಮ್ಮ ವೇಳೆಯನ್ನು ಕೊಡುತ್ತದೆಯೋ, ತಿನ್ನುತ್ತದೆಯೋ ಎಂದು ಕೇಳುವುದೇ ಸರಿಯಾದ ಪರೀಕ್ಷೆ.

ಪ್ರಾರಂಭವನ್ನು ಸಣ್ಣದಾಗಿಯೇ ಮಾಡಬಹುದು. ತಿಂಗಳಿಗೆ ಒಂದು ಟ್ರಂಕನ್ನು ಮಾತ್ರ ಬಿಚ್ಚಿರಿ. ವರುಷದಲ್ಲಿ ಒಮ್ಮೆಯೂ ಉಡದ ಬಟ್ಟೆ ಗಟ್ಟಿಯಿದ್ದರೆ ಉಡುವವರಿಗೆ ಕೊಡಿರಿ, ಹರಿದಿದ್ದರೆ ಕೌದಿಗೆ ಹಾಕಿರಿ. ಹೊಸದನ್ನು ಕೊಳ್ಳುವ ಮುನ್ನ ಒಂದು ಸಂತೆಯಿಂದ ಇನ್ನೊಂದು ಸಂತೆಯವರೆಗೆ ತಡೆಯಿರಿ. ಎಂಟು ದಿನದಲ್ಲಿ ಅರ್ಧ ಆಸೆಗಳು ತಾವೇ ಕರಗುತ್ತವೆ. ರಾತ್ರಿ ಊಟದ ಒಂದು ತಾಸು ಮೊಬೈಲುಗಳನ್ನು ಮಾಡದೊಳಗೆ ಇಡಿರಿ. ಆಗ ಉಳಿಯುವ ದುಡ್ಡಿಗೂ ವೇಳೆಗೂ ಮೊದಲೇ ಒಂದು ಹೆಸರಿಟ್ಟುಕೊಳ್ಳಿರಿ: ಮಗಳ ಓದು, ಹಿರಿಯರ ಔಷಧಿ, ನಿಂತುಹೋದ ಹಾರ್ಮೋನಿಯಮ್ಮಿನ ಪಾಠ, ಬಹುದಿನದಿಂದ ಕಾಣದ ನೆಂಟರ ಭೆಟ್ಟಿ. ಹೆಸರಿಡದೆ ಬಿಟ್ಟರೆ ತೆರವಾದ ಜಾಗವನ್ನು ಹೊಸ ಸಾಮಾನು ಬಂದು ಹಿಡಿದೀತು.